‘ವೊಲಾದಾ’ ಎಂಬ ಪದದ ಬಳಕೆ

ಮಾರ್ಚ್ 3, 1987. ಮಂಗಳವಾರ. ಬೆಳಿಗ್ಗೆ 7

ಉಬ್ಬರ 9.40ಕ್ಕೆ, ಇಳಿತ 4.15ಕ್ಕೆ. ಬಂದ ಹಡಗು ಎರಡು, ಹೊರಟದ್ದು ಒಂದು. ಉತ್ತರದ ಗಾಳಿ, ಮಧ್ಯಾಹ್ನದ ಮೇಲೆ ಜೋರು. ಇಷ್ಟು ಟೈಪ್ ಮಾಡಿ ಕೊಟ್ಟರೆ ನನ್ನ ಅರ್ಧ ದಿನ ಮುಗಿಯಿತು. ಹದಿಮೂರು ವರ್ಷದಿಂದ ಇದೇ. ‘ಎಲ್ ಫಾರೊ’ ಪತ್ರಿಕೆ, ಆರನೇ ಪುಟ, ಎಡಗಡೆ ಕೆಳಗೆ, ಸತ್ತವರ ಜಾಹೀರಾತಿನ ಮೇಲೆ. ಹೆಸರು ಹಾಕುವುದಿಲ್ಲ. ಉಬ್ಬರ ಇಳಿತಕ್ಕೆ ಯಾರ ಹೆಸರು ಹಾಕುತ್ತಾರೆ.

ಮಿಕ್ಕ ಅರ್ಧ ದಿನ ಬಂದರು. ಅಲ್ಲಿಂದ ಬರೆದದ್ದಕ್ಕೂ ಹೆಸರಿಲ್ಲ — ‘ನಮ್ಮ ಬಂದರು ಪ್ರತಿನಿಧಿಯಿಂದ’. ಹೊರ್ತೆನ್ಸಿಯಾ ಬೆರ್ಮೆಯಾ ಎಂದು ಕೊನೆಯ ಸಲ ಅಚ್ಚಾದದ್ದು 1973ರ ನವೆಂಬರಿನಲ್ಲಿ. ಅದೆಲ್ಲ ಮರೆತುಹೋಯಿತು ಎಂದು ಕೇಳಿದವರಿಗೆ ಹೇಳುತ್ತೇನೆ. ಮರೆತಿಲ್ಲ.

ಕಾಫಿ ಒಲೆಯ ಮೇಲೆ ಸುಟ್ಟು ಹೋಯಿತು. ಹಾಗೆಯೇ ಕುಡಿದೆ.

ಮಾರ್ಚ್ 4, ಬುಧವಾರ

ಪತ್ರಕರ್ತರ ಸಂಘದವರು ಒಂದು ಪುಸ್ತಿಕೆ ಕಳಿಸಿದ್ದಾರೆ. ನಲವತ್ತು ಪುಟ. ‘ಸುದ್ದಿಮನೆಯ ಮಾತುಗಳು: ಅರ್ಥ ಮತ್ತು ಬಳಕೆ’. ಬರೆದವನು ಎವಾರಿಸ್ತೊ ಲಾರ್ರಾಗಾ, ‘ಲಾ ಬ್ರೂಹುಲಾ’ ಪತ್ರಿಕೆಯ ದೊಡ್ಡ ಅಂಕಣಕಾರ. ಫೋಟೊ ಬೇರೆ. ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಾನೆ, ಹಲ್ಲುನೋವು ಬಂದವರ ಹಾಗೆ.

ನಗುತ್ತಲೇ ಓದಿದೆ. ಚೆನ್ನಾಗಿ ಬರೆದಿದ್ದಾನೆ, ಹಾಳಾದವನು. ಕೊನೆಯಿಂದ ಎರಡನೇ ಪುಟಕ್ಕೆ ಬಂದೆ.

‘ವೊಲಾದಾ: ಹಾರಿಸಿದ ಸುದ್ದಿ. ನಡೆಯದ್ದನ್ನು ನಡೆದಂತೆ, ಕಾಣದ್ದನ್ನು ಕಂಡಂತೆ ಬರೆದದ್ದು. ಬಳಕೆ: 1973ರ ಹೂಳೆತ್ತುವ ಹಡಗಿನ ಸುದ್ದಿ ಶುದ್ಧ ವೊಲಾದಾ, ಬರೆದವಳು ಎಚ್. ಬಿ.’

ಎಚ್. ಬಿ. ಎಂದರೆ ನಾನು. ಈ ಪ್ವೆರ್ತೊ ಲಾಸ್ತ್ರೆ ಊರಿನಲ್ಲಿ ಇದು ಗೊತ್ತಿಲ್ಲದ ಪತ್ರಕರ್ತ ಒಬ್ಬನೂ ಇಲ್ಲ. ಎದುರಿಗೆ ತೆಂಚಾ ಅನ್ನುತ್ತಾರೆ. ಬೆನ್ನ ಹಿಂದೆ ‘ಹಾರಿಸೋಳು’.

ಮೂರು ಸಲ ಓದಿದೆ. ಊಟ ಸೇರಲಿಲ್ಲ. ಇಷ್ಟು ದಿನ ಅದು ಬಾಯಿಮಾತು, ಬಂದು ಹೋಗುತ್ತಿತ್ತು. ಈಗ ನಾನು ಪದವೊಂದರ ಉದಾಹರಣೆ. ಕಾಲೇಜಿನ ಮಕ್ಕಳು ಓದಿ ಬರೆದುಕೊಳ್ಳುತ್ತಾರೆ.

ಅವನನ್ನು ಬಿಡುವುದಿಲ್ಲ.

ಮಾರ್ಚ್ 5, ಗುರುವಾರ

ಇಲ್ಲಿಯಾದರೂ ಒಂದು ಸಲ ಸರಿಯಾಗಿ ಬರೆದಿಡುತ್ತೇನೆ.

1973, ನವೆಂಬರ್ 14. ಉತ್ತರದ ಗಾಳಿ ಎದ್ದಿತ್ತು. ಕಾಲುವೆಯ ಬಾಯಲ್ಲಿ ಹೂಳೆತ್ತುತ್ತಿದ್ದ ಹಡಗು ಮಗುಚಿತು. ಕಲ್ಲುಗೋಡೆಯ ಮೇಲೆ ನಾವಿಬ್ಬರು ನಿಂತಿದ್ದೆವು, ನಾನು ಮತ್ತು ಎವಾರಿಸ್ತೊ, ಒಂದೇ ರೇನ್‌ಕೋಟಿನ ಅಡಿಯಲ್ಲಿ. ಆಗ ಇಬ್ಬರೂ ‘ಎಲ್ ಫಾರೊ’ದಲ್ಲೇ. ಹಡಗು ಪಕ್ಕಕ್ಕೆ ಒರಗಿದ್ದನ್ನು ನೋಡಿದೆವು. ಮೂವರು ನೀರಿನಲ್ಲಿ ಕೈ ಎತ್ತಿದ್ದನ್ನು ನೋಡಿದೆವು. ಅವನು ನನ್ನ ತೋಳು ಹಿಡಿದುಕೊಂಡಿದ್ದ. ಉಗುರು ಊರಿದ ಗುರುತು ವಾರ ಇತ್ತು.

ನಾನು ಬರೆದೆ. ಮರುದಿನ ಗುತ್ತಿಗೆದಾರ ಆಫೀಸಿಗೆ ಬಂದ. ಹಡಗು ಆವತ್ತು ನೀರಿಗೇ ಇಳಿದಿರಲಿಲ್ಲ ಎಂದ, ರಿಪೇರಿಗೆ ಹೋಗಿದೆ ಎಂದ. ಆ ಮೂವರು? ಕೆಲಸ ಬಿಟ್ಟು ಗಡಿ ದಾಟಿ ಓಡಿಹೋಗಿದ್ದಾರಂತೆ. ಆಗಿನ ಸಂಪಾದಕರು ಎವಾರಿಸ್ತೊನನ್ನು ಕರೆದು ಕೇಳಿದರು. ನಾನು ಅಲ್ಲೇ ನಿಂತಿದ್ದೆ.

“ನೀನೂ ನೋಡಿದ್ಯೇನಪ್ಪ?”

“ಇಲ್ಲ ಸಾರ್. ಅದು ವೊಲಾದಾ.”

ಅಷ್ಟೇ ಮಾತು. ನನ್ನ ಮುಖ ನೋಡಲಿಲ್ಲ. ತಿಂಗಳೊಳಗೆ ‘ಲಾ ಬ್ರೂಹುಲಾ’ದಲ್ಲಿ ಅವನಿಗೆ ಮೇಜು, ಕುರ್ಚಿ, ಹೆಸರು. ನನಗೆ ಉಬ್ಬರ ಇಳಿತ. ಮೂವರ ಹೆಣ ಸಿಗಲಿಲ್ಲ. ಅವರಲ್ಲೊಬ್ಬ ಕ್ರಿಸಾಂತೊ. ಅವನ ಹೆಂಡತಿ ದೊನ್ಯಾ ಎಲ್ಪಿದಿಯಾ ಆ ವಾರ ಆಫೀಸಿನ ಮೆಟ್ಟಿಲ ಮೇಲೆ ಕಾದು ಕೂತು ನನ್ನ ಕೈ ಹಿಡಿದುಕೊಂಡಳು. ಅಳಲಿಲ್ಲ. “ಎಲ್ರೂ ಓಡ್ಹೋದ ಅಂತಾರೆ ಕಣಮ್ಮ. ಸತ್ತ ಅಂತ ನೀನೊಬ್ಳೇ ಬರ್ದೆ,” ಎಂದಳು. ಇವತ್ತಿಗೂ ಅವಳು ನಾನು ಹೇಳಿದ್ದನ್ನು ಮಾತ್ರ ನಂಬುತ್ತಾಳೆ. ಇಡೀ ಊರಲ್ಲಿ ಅವಳೊಬ್ಬಳೇ.

ಮಾರ್ಚ್ 6, ಶುಕ್ರವಾರ. ಮಧ್ಯಾಹ್ನ

ಬಂದರಿನ ಪ್ರೆಸ್ ಕೋಣೆ. ಐದು ಪತ್ರಿಕೆ, ಐದು ಟೈಪ್‌ರೈಟರ್, ಒಂದು ಫೋನ್. ಯಾರಿಗೇ ಸುದ್ದಿ ಸಿಗಲಿ, ನಾಲ್ಕು ಕಾರ್ಬನ್ ಇಟ್ಟು ಟೈಪ್ ಮಾಡಿ ಗೋಡೆಯ ಮೊಳೆಗೆ ಸಿಕ್ಕಿಸಬೇಕು. ಉಳಿದವರು ಒಂದೊಂದು ಪ್ರತಿ ಕಿತ್ತುಕೊಂಡು ಮೊದಲ ಪ್ಯಾರಾ ಬದಲಿಸಿ ಕಳಿಸುತ್ತಾರೆ. ಯಾರೂ ಹಿಂದೆ ಬೀಳುವುದಿಲ್ಲ, ಯಾರೂ ಬೈಸಿಕೊಳ್ಳುವುದಿಲ್ಲ. ಮೊಳೆಯಿಂದ ಕಿತ್ತದ್ದು ನಿಜವೋ ಸುಳ್ಳೋ ಎಂದು ಮತ್ತೆ ವಿಚಾರಿಸುವುದು ಮರ್ಯಾದೆಯಲ್ಲ. ಗೆಳೆಯನನ್ನು ಸುಳ್ಳ ಎಂದ ಹಾಗೆ ಆಗುತ್ತದೆ.

ತನಗೇ ಬೇಕಾದ ಸುದ್ದಿಯನ್ನು ಮೊಳೆಗೆ ಹಾಕುವುದಿಲ್ಲ, ಡ್ರಾಯರಿನಲ್ಲಿ ಇಡುತ್ತಾರೆ. ಇನ್ನೊಬ್ಬರ ಡ್ರಾಯರ್ ಯಾರೂ ಮುಟ್ಟುವುದಿಲ್ಲ — ಎವಾರಿಸ್ತೊನ ಹೊರತು. ಅವನು ದಿನಾ ಹನ್ನೆರಡೂವರೆಗೆ ‘ಸುಮ್ಮನೆ ಮಾತಾಡಿಸಿಕೊಂಡು ಹೋಗೋಣ ಅಂತ’ ಬರುತ್ತಾನೆ. ಹಡಗುಕಟ್ಟೆಗೆ ಕಾಲಿಟ್ಟು ವರ್ಷಗಳಾದವು. ಬೂಟು ಕೊಳೆಯಾಗುತ್ತದೆ. ಕಳೆದ ವರ್ಷದ ಅವನ ‘ವಿಶೇಷ’ಗಳಲ್ಲಿ ಎರಡು ನನ್ನ ಡ್ರಾಯರಿನವು.

ಮೆಲ್ಚೋರ್ — ಇನ್ನೊಂದು ಪತ್ರಿಕೆಯವನು, ಇಪ್ಪತ್ತು ವರ್ಷದ ಸ್ನೇಹ, ಬಾಯಿ ಸುಮ್ಮನಿರುವುದಿಲ್ಲ — ಇವತ್ತು ಮತ್ತೆ ಹೇಳಿದ.

“ಬೀಗ ಹಾಕ್ಕೊಳ್ಳೆ ತೆಂಚಾ. ನಿನ್ ಡ್ರಾಯರು ಧರ್ಮಛತ್ರ ಆಗೋಗಿದೆ.”

“ಬೇಡಪ್ಪ. ಪಾಪ, ಅವನಿಗೆ ತೊಂದ್ರೆ ಆಗುತ್ತೆ.”

ಅವನು ನಕ್ಕ. ನಾನು ನಗಲಿಲ್ಲ. ಆ ಕ್ಷಣಕ್ಕೇ ಹೊಳೆಯಿತು. ಮೈಯೆಲ್ಲ ಬೆಚ್ಚಗಾಯಿತು.

ಅವನ ಪುಸ್ತಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನೇ ಒದಗಿಸುತ್ತೇನೆ.

ಮಾರ್ಚ್ 9, ಸೋಮವಾರ

ಬೆಳಿಗ್ಗೆಯಿಂದ ಮೂರು ಹಾಳೆ ಹರಿದೆ. ಸುಳ್ಳು ಬರೆಯುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಒಂದು ಸಾಲು ಹಾರಿಸಿಲ್ಲ. ಮೆರವಣಿಗೆಯ ಜನರನ್ನು ಕೂಡ ತಲೆ ಎಣಿಸಿಯೇ ಬರೆದಿದ್ದೇನೆ. ಎಲ್ಲರೂ ‘ಸುಮಾರು’ ಎಂದು ಎರಡು ಸೊನ್ನೆ ಸೇರಿಸುತ್ತಾರೆ, ನಾನು ಬಿಸಿಲಲ್ಲಿ ನಿಂತು ಎಣಿಸುತ್ತೇನೆ. ಎಲ್ಲ ಕಿತ್ತುಕೊಂಡ ಮೇಲೂ ನನ್ನ ಹತ್ತಿರ ಉಳಿದದ್ದು ಅದೊಂದೇ. ಅದನ್ನೂ ಇವತ್ತು ಇವನಿಗಾಗಿ ಖರ್ಚು ಮಾಡುತ್ತಿದ್ದೇನೆ.

ನಾಲ್ಕನೇ ಹಾಳೆ ಬಂತು. ಒಂದು ಸಂಖ್ಯೆ, ಒಂದು ಗಂಟೆ, ಒಂದು ಹೆಸರು — ಈ ಮೂರಿದ್ದರೆ ಜನ ನಂಬುತ್ತಾರೆ. ಹೊರದೇಶದ ಹಡಗು ಕಂಪನಿಯೊಂದು ನಮ್ಮ ನಾಲ್ಕನೇ ಕಟ್ಟೆಯನ್ನು ಹಿಡಿಯಲಿದೆ. ನೂರಿಪ್ಪತ್ತು ಮಂದಿಗೆ ಕಾಯಂ ಕೆಲಸ. ಮಾರ್ಚ್ 23, ಸೋಮವಾರ, ಬೆಳಿಗ್ಗೆ ಆರಕ್ಕೆ ಕಟ್ಟೆಯ ಗೇಟಿನಲ್ಲಿ ಹೆಸರು ಬರೆಸಬೇಕು. ಹೀಗೆಂದು ತಿಳಿಸಿದವರು ಕ್ಯಾಪ್ಟನ್ ಉಲೀಸೆಸ್ ಗರಾವೀತೊ.

ಆ ಹೆಸರಿನವನು ಈ ಬಂದರಿನಲ್ಲಿ ಹುಟ್ಟಿಲ್ಲ. ಫೋನ್ ಎತ್ತಿ ಒಂದು ಮಾತು ಕೇಳಿದರೆ ಸಾಕು, ಬಯಲಾಗುತ್ತದೆ. ಎವಾರಿಸ್ತೊ ಫೋನ್ ಎತ್ತುವುದಿಲ್ಲ.

ಮೇಲೆ ಕೆಂಪು ಪೆನ್ಸಿಲಿನಲ್ಲಿ ‘ನನಗೆ ಮಾತ್ರ’ ಎಂದು ಬರೆದು ಡ್ರಾಯರಿನಲ್ಲಿ ಕವುಚಿ ಇಟ್ಟೆ. ನಾನು ಇದನ್ನು ಅಚ್ಚಿಗೆ ಕೊಡುತ್ತಿಲ್ಲ. ಮೊಳೆಗೂ ಹಾಕುತ್ತಿಲ್ಲ. ನನ್ನ ಡ್ರಾಯರಿನಲ್ಲಿ ನನ್ನ ಕಾಗದ. ಕದ್ದರೆ ಕದ್ದವನ ಪಾಪ.

ಮಾರ್ಚ್ 10, ಮಂಗಳವಾರ

12.30. ಬಂದ. ಸೆಂಟಿನ ವಾಸನೆ ಮೊದಲು.

“ಏನ್ ತೆಂಚಾ, ನಿನ್ ಸಮುದ್ರ ಹೇಗಿದೆ? ಏರ್ತಾ ಇದ್ಯಾ, ಇಳೀತಾ ಇದ್ಯಾ?”

“ನೀವಿದ್ದೀರಲ್ಲ ಸಾರ್, ಎಲ್ಲಾ ಗೊತ್ತಿರೋರು.”

“ಪುಸ್ತಕ ನೋಡ್ದ್ಯಾ? ಬೇಜಾರು ಮಾಡ್ಕೋಬೇಡ ಕಣೆ. ಉದಾಹರಣೆಗೆ ಅಂತ ಹಾಕಿದ್ದು. ಊರಿಗೆಲ್ಲ ಗೊತ್ತಿರೋ ವಿಷಯ ತಾನೆ.”

ನನ್ನ ಕೈ ತಾನಾಗಿಯೇ ಇಂಕಿನ ದೌತಿಯ ಕಡೆ ಹೋಯಿತು. ತಡೆದುಕೊಂಡೆ. ಮುಖ ತೊಳೆದು ಬರುತ್ತೇನೆ ಎಂದು ಎದ್ದೆ. ಹತ್ತು ನಿಮಿಷ ಬಾತ್‌ರೂಮಿನ ಕನ್ನಡಿಯ ಮುಂದೆ ನಿಂತೆ. ನಲವತ್ತೈದು ವಯಸ್ಸು, ಮುಖದಲ್ಲಿ ಅರವತ್ತು. ನಗುತ್ತಿದ್ದೆ.

ವಾಪಸ್ ಬಂದಾಗ ಅವನಿಲ್ಲ. ಡ್ರಾಯರಿನ ಹಾಳೆ ಕವುಚಿಯೇ ಇತ್ತು, ಆದರೆ ಮೂಲೆ ಮಡಚಿತ್ತು. ಮೆಲ್ಚೋರ್ ಮುಖ ತಿರುಗಿಸಿಕೊಂಡು ಟೈಪ್ ಮಾಡುತ್ತಿದ್ದ.

ಮಾರ್ಚ್ 11, ಬುಧವಾರ. ಬೆಳಿಗ್ಗೆ 6

ನುಂಗಿದ. ಗಾಳ, ದಾರ, ಕೋಲು ಎಲ್ಲವನ್ನೂ.

‘ಲಾ ಬ್ರೂಹುಲಾ’, ಮೊದಲ ಪುಟ. ‘ನೂರಿಪ್ಪತ್ತು ಮನೆಗಳಿಗೆ ಬೆಳಕು’. ಹೆಸರು, ಫೋಟೊ. ನನ್ನ ವಾಕ್ಯಗಳೇ, ಸೊಂಟಕ್ಕೆ ರಿಬ್ಬನ್ ಕಟ್ಟಿದ್ದಾನೆ ಅಷ್ಟೆ. ಮತ್ತೆ ಇದು ಅವನ ಸ್ವಂತದ್ದು: ‘ನಿನ್ನೆ ಕ್ಯಾಪ್ಟನ್ ಗರಾವೀತೊ ಅವರೊಂದಿಗೆ ತಿಂಡಿಗೆ ಕೂತಾಗ, ಅವರು ಸಮುದ್ರದ ಕಡೆ ನೋಡುತ್ತಾ ನನಗೆ ಹೇಳಿದರು…’

ತಿಂಡಿ. ಸಮುದ್ರದ ಕಡೆ ನೋಡುತ್ತಾ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೂರು ಬೊಕೋಲ್ ರೊಟ್ಟಿ ತಿಂದೆ, ಬೀನ್ಸ್ ತುಂಬಿದ್ದು, ಮೇಲೆ ಹಸಿಮೆಣಸಿನ ಚಟ್ನಿ. ಎಷ್ಟು ದಿನವಾಗಿತ್ತು ಬೆಳಿಗ್ಗೆ ಹೀಗೆ ಹಸಿದು.

ಮಾರ್ಚ್ 12, ಗುರುವಾರ

ಇದನ್ನು ನಾನು ಯೋಚಿಸಿರಲಿಲ್ಲ.

ನಮ್ಮ ಈಗಿನ ಸಂಪಾದಕರು ದೊನ್ ಸೆಲ್ಸೊ ಬೆಳಿಗ್ಗೆ ಒಳಗೆ ಕರೆದರು. ‘ಲಾ ಬ್ರೂಹುಲಾ’ವನ್ನು ಮೇಜಿನ ಮೇಲೆ ಎಸೆದರು.

“ಬಂದರಲ್ಲಿ ಕೂತಿರೋಳು ನೀನು. ಸುದ್ದಿ ಬರೋದು ಅವರ ಪೇಪರಲ್ಲಿ. ಹದಿಮೂರು ವರ್ಷ ಅಲ್ಲೇನ್ ಉಪ್ಪು ತೂಗ್ತಾ ಇದ್ದೀಯಾ?”

“ವಿಚಾರಿಸ್ತಾ ಇದ್ದೀನಿ ಸಾರ್.”

“ಏನ್ ವಿಚಾರಿಸ್ತೀಯಾ? ಕ್ಯಾಪ್ಟನ್ನೇ ಹೇಳಿದಾನೆ. ಸಂಜೆ ಒಳಗೆ ಕಾಪಿ ಬೇಕು.”

ನಾನೇ ಹಾರಿಸಿದ ಸುದ್ದಿಯಲ್ಲಿ ನಾನೇ ಹಿಂದೆ ಬಿದ್ದವಳು. ಬರೆಯಲಿಲ್ಲ. ಅಷ್ಟು ಮಾತ್ರ ಉಳಿಸಿಕೊಂಡೆ. ಬೈಸಿಕೊಂಡೆ.

ಪ್ರೆಸ್ ಕೋಣೆಯಲ್ಲಿ ಇನ್ನೂ ಚೆಂದ. ಉಳಿದ ಮೂರು ಪತ್ರಿಕೆಯವರಿಗೂ ನಿನ್ನೆಯೇ ಇದೇ ಬೈಗುಳ, ಹಾಗಾಗಿ ಮೂವರೂ ‘ಲಾ ಬ್ರೂಹುಲಾ’ ನೋಡಿ ಬರೆದರು. ಎಲ್ಲರೂ ಕ್ಯಾಪ್ಟನ್ನನ್ನು ಭೇಟಿಯಾದರಂತೆ. ಒಬ್ಬರಿಗೆ ಅವನು ‘ಮಿತಭಾಷಿ’, ಇನ್ನೊಬ್ಬರಿಗೆ ‘ನಗುಮೊಗದ’.

“ನಮ್ಮೋರು ಮೀಸೆ ಬೇರೆ ಇಟ್ಟಿದಾರೆ ಅವನಿಗೆ,” ಎಂದ ಮೆಲ್ಚೋರ್. ಆಮೇಲೆ ದನಿ ತಗ್ಗಿಸಿ, “ತೆಂಚಾ, ಈ ಮನುಷ್ಯ ಇದ್ದಾನಾ?” ಎಂದ.

“ನಾಲ್ಕು ಪೇಪರಲ್ಲಿ ಬಂದಿದೆಯಲ್ಲೋ. ಇಲ್ದೆ ಹೇಗಿರ್ತಾನೆ.”

ಅವನು ನನ್ನ ಡ್ರಾಯರಿನ ಕಡೆ ನೋಡಿದ.

ಮಾರ್ಚ್ 14, ಶನಿವಾರ. ಸಂಜೆ 5

ಮಾರ್ಕೆಟ್‌ನಲ್ಲಿ ಏಡಿ ಕೊಳ್ಳುತ್ತಿದ್ದೆ. ಬೆನ್ನು ತಟ್ಟಿದರು. ದೊನ್ಯಾ ಎಲ್ಪಿದಿಯಾ. ಕೂದಲು ಪೂರ್ತಿ ಬೆಳ್ಳಗಾಗಿದೆ. ಪಕ್ಕದಲ್ಲಿ ಅವಳ ತಮ್ಮ ನಿಕಾನೋರ್, ನಲವತ್ತರ ಗಂಡಸು, ಐಸ್ ಫ್ಯಾಕ್ಟರಿಯಲ್ಲಿ ವಾಚ್‌ಮನ್. ಒಂಬತ್ತು ವರ್ಷದಿಂದ ಅಲ್ಲೇ ಇದ್ದಾನೆ. ಥಂಡಿಗೆ ಎದೆ ಹಿಡಿದುಕೊಂಡಿದೆ, ಮಾತಿಗೊಮ್ಮೆ ಕೆಮ್ಮು.

“ಕಟ್ಟೆ ಮೇಲೆ ಕಾಯಂ ಕೆಲಸ ಅಂತಲ್ಲಮ್ಮ. ಇವನು ಕುಣೀತಾ ಇದ್ದಾನೆ. ಫ್ಯಾಕ್ಟ್ರಿ ಬಿಟ್ಬಿಡ್ತೀನಿ ಅಂತಾನೆ. ಪೇಪರ್ನೋರ ಮಾತು ನಾನ್ ನಂಬಲ್ಲ, ಅದರಲ್ಲೂ ಆ ಲಾರ್ರಾಗಾ ಬರ್ದಿದ್ದು. ತೆಂಚಾನ ಕೇಳೋಣ, ಅವ್ಳು ಹೌದು ಅಂದ್ರೆ ಹೌದು ಅಂದೆ.”

ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು.

ಒಂದು ಮಾತು ಸಾಕಿತ್ತು. ಆದರೆ ಎಲ್ಪಿದಿಯಾಗೆ ಹೇಳಿದರೆ ರಾತ್ರಿಯೊಳಗೆ ಇಡೀ ಮೀನುಗಾರರ ಕೇರಿಗೆ ಗೊತ್ತಾಗುತ್ತದೆ. ಸೋಮವಾರದ ಹೊತ್ತಿಗೆ ಎವಾರಿಸ್ತೊ ನಾಲ್ಕು ಸಾಲಿನ ತಿದ್ದುಪಡಿ ಹಾಕಿ ಜಾರಿಕೊಳ್ಳುತ್ತಾನೆ. ನನಗೆ ಬೇಕಾದದ್ದು ಆ ಗೇಟು, ಆ ಬೆಳಿಗ್ಗೆ, ಇಡೀ ಊರಿನ ಎದುರು.

“ಹೌದು ಕಣಮ್ಮ,” ಎಂದೆ. “ನಿಜ.”

ನಿಕಾನೋರ್ ಟೋಪಿ ತೆಗೆದು ನನಗೆ ಕೈ ಮುಗಿದ. ಏಡಿ ಕೊಳ್ಳದೆ ಬಂದೆ.

ಮಾರ್ಚ್ 18, ಬುಧವಾರ

ರೇಡಿಯೊದಲ್ಲಿ ಎವಾರಿಸ್ತೊ. ‘ಪತ್ರಕರ್ತನ ಪ್ರಾಮಾಣಿಕತೆ’ ಕುರಿತು ಇಪ್ಪತ್ತು ನಿಮಿಷ. ಮೇಯರು ಅವನನ್ನು ಹೊಗಳಿದರು. ಏರು, ಇನ್ನೂ ಮೇಲೆ ಏರು. ಬೀಳುವಾಗ ಸದ್ದು ಚೆನ್ನಾಗಿ ಬರಲಿ.

ನಿಕಾನೋರ್ ವಿಷಯ ಯೋಚಿಸಬಾರದು ಎಂದುಕೊಂಡೆ. ಅವನು ಕೆಲಸ ಬಿಡುವುದಿಲ್ಲ. ಒಂದು ದಿನ ರಜೆ ಹಾಕಿ ಬರುತ್ತಾನೆ, ಬೈದುಕೊಂಡು ಹೋಗುತ್ತಾನೆ. ಯಾರಿಗೆ ಏನು ನಷ್ಟ.

ಮಾರ್ಚ್ 22, ಭಾನುವಾರ

ಎಲ್ಪಿದಿಯಾಳ ಮನೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಸ್ಟಾಪಿನವರೆಗೆ ಹೋದೆ. ಎರಡು ಬಸ್ ಹೋದವು.

ಹತ್ತಲಿಲ್ಲ.

ಮಾರ್ಚ್ 23, ಸೋಮವಾರ. ಬೆಳಿಗ್ಗೆ 10

ಐದೂವರೆಗೆ ಕಟ್ಟೆಗೆ ಹೋದೆ. ಬೇಗ ಹೋಗಿ ಒಳ್ಳೆ ಜಾಗ ಹಿಡಿಯಬೇಕು ಎಂದಿತ್ತು. ನಾಟಕಕ್ಕೆ ಹೋದ ಹಾಗೆ.

ನೂರಿಪ್ಪತ್ತು ಅಲ್ಲ. ಎಣಿಸಿದೆ, ಬಿಡಲಾಗದ ಅಭ್ಯಾಸ. ಆರು ಗಂಟೆಗೆ ಆರುನೂರ ನಲವತ್ತು, ಆಮೇಲೆ ಲೆಕ್ಕ ತಪ್ಪಿತು. ಒಳನಾಡಿನ ಹಳ್ಳಿಗಳಿಂದ ಲಾರಿಯಲ್ಲಿ ಬಂದವರಿದ್ದರು. ಹಾಸಿಗೆ ಸುರುಳಿ, ಪಾತ್ರೆ, ಕೆಲವರ ಜೊತೆ ಹೆಂಡಿರು. ಬಟ್ಟೆ ಇಸ್ತ್ರಿ ಮಾಡಿಸಿದ್ದರು. ಅದು ನನ್ನ ಕಣ್ಣಿಗೆ ಬೀಳಬಾರದಿತ್ತು. ಒಗೆದು ಇಸ್ತ್ರಿ ಮಾಡಿದ ಕೆಲಸದ ಅಂಗಿಗಳು.

ಆರಾಯಿತು, ಏಳಾಯಿತು. ಗೇಟಿನ ಕಾವಲುಗಾರ ಬೆಪ್ಪಾಗಿ ನಿಂತಿದ್ದ. ಬಂದರು ಅಧಿಕಾರಿಯೊಬ್ಬರು ಕುರ್ಚಿ ಹತ್ತಿ ನಿಂತು ಹೇಳಿದರು: ಕಂಪನಿ ಇಲ್ಲ, ಕೆಲಸ ಇಲ್ಲ, ಗರಾವೀತೊ ಎಂಬ ಕ್ಯಾಪ್ಟನ್ ಇಲ್ಲ. ಆಮೇಲೆ ಯಾರೋ ‘ಲಾ ಬ್ರೂಹುಲಾ’ವನ್ನು ಹರಿದು ಎಸೆದರು. “ಎಲ್ಲಿ ಆ ಲಾರ್ರಾಗಾ?” ಎಂಬ ಕೂಗು ಎದ್ದಿತು. ಹದಿಮೂರು ವರ್ಷ ನಾನು ಕನಸಿನಲ್ಲಿ ಕೇಳಿದ ಕೂಗು. ಕಿವಿ ತುಂಬ ಕೇಳಿದೆ. ಸುಖವಾಯಿತು. ಆಯಿತು ಎಂದೇ ಬರೆಯುತ್ತೇನೆ.

ಆಗ ಪಕ್ಕದಲ್ಲಿ ಕೆಮ್ಮು.

“ಅಕ್ಕ, ಈ ಗೇಟಲ್ವಾ? ಇನ್ನೊಂದ್ ಗೇಟಲ್ಲಿ ಬರ್ಕೊತಾ ಇದಾರೇನೋ. ನೀವ್ ಒಂದ್ ಮಾತ್ ಕೇಳಿ ನೋಡಿ ಅಕ್ಕ.”

ನಿಕಾನೋರ್. ಅಧಿಕಾರಿ ಹೇಳಿದ್ದು ಕೇಳಿಸಿಕೊಂಡಿದ್ದ. ನಂಬಿರಲಿಲ್ಲ. ನಾನು ನಿಜ ಎಂದಿದ್ದೆನಲ್ಲ.

“ಫ್ಯಾಕ್ಟ್ರಿಲಿ ರಜೆ ಹಾಕ್ ಬಂದ್ಯಾ?” ಎಂದೆ.

“ಇಲ್ಲ ಅಕ್ಕ, ಶನಿವಾರಾನೇ ಬಿಟ್ಬಿಟ್ಟೆ. ನನ್ ಜಾಗಕ್ಕೆ ಅವತ್ತೇ ಬೇರೆಯವ್ನ ತಗೊಂಡ್ರು.”

ಮಾರ್ಚ್ 24, ಮಂಗಳವಾರ

ಪ್ರೆಸ್ ಕೋಣೆ. ಎವಾರಿಸ್ತೊ ಹನ್ನೆರಡೂವರೆಗಲ್ಲ, ಒಂಬತ್ತಕ್ಕೇ ಬಂದ. ಶೇವ್ ಮಾಡಿರಲಿಲ್ಲ. ಅವನ ಮನೆಯ ಕಿಟಕಿಗೆ ರಾತ್ರಿ ಕಲ್ಲು ಬಿದ್ದಿದೆ. ನೇರ ನನ್ನ ಮೇಜಿನ ಮುಂದೆ ನಿಂತ.

“ಇವಳದ್ದು. ಇವಳ ಡ್ರಾಯರಲ್ಲಿತ್ತು ಅದು.”

“ನಿನ್ ಕೈ ಅಲ್ಲೇನ್ ಮಾಡ್ತಿತ್ತಪ್ಪ?” ಎಂದ ಮೆಲ್ಚೋರ್.

“ಇವಳೇ ಹಾರ್ಸಿದ್ದು. ಇವಳು ಎಂಥೋಳು ಅಂತ ನಿಮಗೆಲ್ಲ ಗೊತ್ತಿಲ್ವಾ?”

“ಅದಿರ್ಲಿ, ಕ್ಯಾಪ್ಟನ್ ಜೊತೆ ತಿಂಡಿ ತಿಂದೆ ಅಂತ ಬರ್ದಿದ್ಯಲ್ಲ. ಏನ್ ತಗೊಂಡ ಅವನು? ಮೊಟ್ಟೆನಾ?”

ಕೋಣೆಯೇ ನಕ್ಕಿತು. ಅದೇ ಕ್ಯಾಪ್ಟನ್‌ಗೆ ಮೀಸೆ ಇಟ್ಟವರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ.

ಎಲ್ಲರೂ ಹೊರಗೆ ಹೋದ ಮೇಲೆ ಅವನು ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತ. ದನಿ ಇಳಿದಿತ್ತು.

“ಅವತ್ತು ನಾನು ನೋಡ್ದೆ ತೆಂಚಾ. ಮೂರ್ ಜನಾನೂ ನೋಡ್ದೆ. ಇವತ್ತಿಗೂ ಕಾಣುತ್ತೆ.”

“ಅದನ್ನ ಬರಿ.”

“ಈಗ ಯಾರ್ ನಂಬ್ತಾರೆ ನನ್ನ.” ಎದ್ದ. ಬಾಗಿಲ ಹತ್ತಿರ ನಿಂತು ಹೇಳಿದ, “ಒಂದ್ ಮಾತು. ನಾನು ಇದ್ದಿದ್ದನ್ನ ಇಲ್ಲ ಅಂದೆ. ನೀನು ಇಲ್ದಿದ್ದನ್ನ ಇದೆ ಅಂದೆ. ಈಗ ಲೆಕ್ಕ ಸರಿಹೋಯ್ತು, ಅಲ್ವಾ?”

ಅವನು ಹೋದ ಮೇಲೆ ಡ್ರಾಯರಿನಿಂದ ಆ ಹಾಳೆ ತೆಗೆದು ಹರಿಯಹೋದೆ. ಹರಿಯಲಿಲ್ಲ.

ಸಂಜೆ ದೊನ್ ಸೆಲ್ಸೊ ಕರೆದರು. ಕೂರು ಎಂದರು. ಹದಿಮೂರು ವರ್ಷದಲ್ಲಿ ಮೊದಲ ಸಲ.

“ನಾಲ್ಕೂ ಪೇಪರ್ನೋರು ಹಳ್ಳಕ್ಕೆ ಬಿದ್ದಿದಾರೆ. ನಾವೊಬ್ರೇ ಬಚಾವ್. ನೀನು ಅವತ್ತು ಬರೀಲಿಲ್ಲ, ವಿಚಾರಿಸ್ತೀನಿ ಅಂದೆ. ಬೈದೆ ನಾನು, ತಪ್ಪಾಯ್ತಮ್ಮ. ಈಗ ಪೂರ್ತಿ ಕಥೆ ಬರಿ. ಮೊದಲ ಪುಟ. ನಿನ್ ಹೆಸರಲ್ಲೇ.”

“ಬರೀತೀನಿ ಸಾರ್,” ಎಂದೆ. ಸಂತೋಷಕ್ಕೋ ಬೇರೆಯದಕ್ಕೋ ಗೊತ್ತಾಗಲಿಲ್ಲ.

ಮಾರ್ಚ್ 25, ಬುಧವಾರ. ಮಧ್ಯಾಹ್ನ 3

ಆರು ಪ್ಯಾರಾ. ಐದು ಎವಾರಿಸ್ತೊನ ಮೇಲೆ: ವಿಚಾರಿಸದೆ ಹಾಕಿದ ಸುದ್ದಿ, ತಿನ್ನದ ತಿಂಡಿ, ಇಲ್ಲದ ಕ್ಯಾಪ್ಟನ್, ಗೇಟಿನ ಮುಂದೆ ನಿಂತ ಜನ. ಮತ್ತೆ 1973, ಮಗುಚಿದ ಹಡಗು, ಮೂವರ ಹೆಸರು, ಅವನ ಒಂದು ಮಾತು. ಒಂದೊಂದು ವಾಕ್ಯವನ್ನೂ ಅವನಿಗೆ ನೋಯುವಂತೆ ಕೂಡಿಸಿದೆ.

ಆರನೆಯದು ಎರಡೇ ಸಾಲು. ‘ಈ ಸುಳ್ಳನ್ನು ಬರೆದು ಡ್ರಾಯರಿನಲ್ಲಿ ಇಟ್ಟವಳು ನಾನು. ನಿಜವೇ ಎಂದು ಕೇಳಲು ಬಂದವರಿಗೆ ನಿಜ ಎಂದು ಹೇಳಿದವಳೂ ನಾನು.’

ಮುಳುಗಿದರೆ ಇಬ್ಬರೂ ಮುಳುಗೋಣ. ಆದರೆ ಈ ಸಲ ಅವನು ದಡದ ಮೇಲೆ ನಿಂತಿರಬಾರದು.

ದೊನ್ ಸೆಲ್ಸೊ ಓದಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಕೊನೆಯ ಪ್ಯಾರಾ ಓದಿದರು.

“ಇದು ಬೇಡ.”

“ಅದಿಲ್ದೆ ಮಿಕ್ಕಿದ್ದೂ ಬೇಡ ಸಾರ್.”

“ತಲೆ ಕೆಟ್ಟಿದ್ಯಾ? ನಾವು ಒಬ್ರೇ ಸಾಚಾ ಅಂತ ಹೇಳೋಕ್ ಹೊರಟಾಗ, ಹಾರ್ಸಿದ್ದು ನಮ್ಮೋಳೇ ಅಂತ ಹಾಕ್ಕೊಳ್ಲಾ? ನಾಳೆ ಆ ಜನ ಕಲ್ಲು ತಗೊಂಡ್ ಇಲ್ಲಿಗೇ ಬರ್ತಾರೆ. ಅವನೊಬ್ನೇ ಸಾಯ್ಲಿ ಬಿಡು. ನಿನಗೆ ಬೇಕಾಗಿದ್ದೂ ಅದೇ ತಾನೆ.”

ಹೌದು. ಬೇಕಾಗಿದ್ದು ಅದೇ.

“ಹಾಳೆ ವಾಪಸ್ ಕೊಡಿ,” ಎಂದೆ. ಅವರು ಡ್ರಾಯರಿಗೆ ಹಾಕಿ ಬೀಗ ಹಾಕಿದರು. “ಮನೆಗೆ ಹೋಗು ತೆಂಚಾ. ಎರಡ್ ದಿನ ರೆಸ್ಟ್ ತಗೊ.”

ಬಾಗಿಲಲ್ಲಿ ಹತ್ತು ನಿಮಿಷ ನಿಂತೆ. ಅವರು ತಲೆ ಎತ್ತಲಿಲ್ಲ.

ಮಾರ್ಚ್ 26, ಗುರುವಾರ. ಬೆಳಿಗ್ಗೆ 6.30

ಬಂದಿದೆ. ಮೊದಲ ಪುಟ, ಎಂಟು ಕಾಲಮ್ಮಿನ ತಲೆಬರಹ. ಹೊರ್ತೆನ್ಸಿಯಾ ಬೆರ್ಮೆಯಾ, ದಪ್ಪ ಅಕ್ಷರದಲ್ಲಿ. ಬೆರಳಿನಿಂದ ಮುಟ್ಟಿದೆ, ಇಂಕು ಹತ್ತಿತು.

ಐದು ಪ್ಯಾರಾ. ಆರನೆಯದಿಲ್ಲ.

ಒಂದೊಂದು ವಾಕ್ಯವೂ ನಿಜ. ಒಟ್ಟಿಗೆ ಓದಿದರೆ ಸುಳ್ಳು. ಇಂಥದ್ದಕ್ಕೆ ಅವನ ಪುಸ್ತಿಕೆಯಲ್ಲಿ ಬೇರೆ ಪದವಿಲ್ಲ.

‘ಲಾ ಬ್ರೂಹುಲಾ’ದಲ್ಲಿ ಚೌಕಟ್ಟಿನೊಳಗೆ ಒಂದು ಸಾಲು: ಶ್ರೀ ಲಾರ್ರಾಗಾ ಅವರ ಅಂಕಣ ಇನ್ನು ಪ್ರಕಟವಾಗುವುದಿಲ್ಲ. ಅದನ್ನು ನಾಲ್ಕು ಸಲ ಓದಿದೆ. ಖುಷಿಯಾಯಿತು. ಈಗಲೂ ಖುಷಿಯಿದೆ, ಅದೇ ಅಸಹ್ಯ.

ಏಳರ ಬಸ್ಸಿಗೆ ಎಲ್ಪಿದಿಯಾಳ ಮನೆಗೆ ಹೋಗುತ್ತೇನೆ. ಹೇಳಿಬಿಡುತ್ತೇನೆ. ಪತ್ರಿಕೆಯಲ್ಲಿ ಬರದಿದ್ದರೆ ಬಾಯಲ್ಲಿ. ಬಾಗಿಲು ಮುಚ್ಚಿದರೆ ಮುಚ್ಚಲಿ. ನಿಕಾನೋರ್‌ಗೆ ಫ್ಯಾಕ್ಟರಿಯವರ ಕಾಲು ಹಿಡಿದಾದರೂ —

6.50

ಬಾಗಿಲು ಬಡಿಯುತ್ತಿದ್ದಾರೆ. ಕಿಟಕಿಯಿಂದ ನೋಡಿದೆ. ಅವಳೇ. ಹಿಂದೆ ನಿಕಾನೋರ್. ಅವಳ ಕಂಕುಳಲ್ಲಿ ಪತ್ರಿಕೆ, ಕೈಯಲ್ಲಿ ಬಾಳೆಲೆ ಮುಚ್ಚಿದ ಬುಟ್ಟಿ, ಬಿಸಿಯಿನ್ನೂ ಆರಿಲ್ಲ. ಹಬ್ಬಕ್ಕೆ ಮಾಡುವ ಅಡುಗೆಯ ವಾಸನೆ ಇಲ್ಲಿಯವರೆಗೆ ಬರುತ್ತಿದೆ.

“ತೆಂಚಾ, ಬಾಗ್ಲು ತೆಗಿಯಮ್ಮ. ಕ್ರಿಸಾಂತೊ ಹೆಸರು ಮತ್ತೆ ಪೇಪರಲ್ಲಿ ಬಂತು, ನೋಡ್ದೆ. ಆ ಲಾರ್ರಾಗಾ ನಿಂಗೂ ಟೋಪಿ ಹಾಕಿದ್ನಲ್ಲಮ್ಮ. ಇವನು ಅವತ್ತಿಂದ ಒಂದೇ ಸಮನೆ ಅಂತಿದ್ದ, ಅಕ್ಕ ಯಾಕ್ ಹಾಗಂದ್ರು, ಯಾಕ್ ಹಾಗಂದ್ರು ಅಂತ. ಪಾಪ ಅವ್ಳಿಗೇನ್ ಗೊತ್ತಿತ್ತೋ ಅಂದೆ.”

ಹೋಗುತ್ತೇನೆ. ಬಾಗಿಲು ತೆಗೆದ ಕೂಡಲೇ, ಒಳಗೆ ಬಾ ಅನ್ನುವ ಮೊದಲೇ, ಆ ಬುಟ್ಟಿ ಕೈಗೆ ತೆಗೆದುಕೊಳ್ಳುವ ಮೊದಲೇ, ಅದನ್ನು ಹಾರಿಸಿದವಳು ನಾನೇ ಎಂದು —